ವೈದ್ಯಗುರುಗಳಿಗೆ ಪಾಠ ಹೇಳಿದವರು

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆದವರು ರೋಗಾಣುಗಳ ಶೋಧವನ್ನೂ ಅರಿವಳಿಕೆಯ ಮಹಿಮೆಯನ್ನೂ ಶಸ್ತ್ರಚಿಕಿತ್ಸೆಯ ಸಾಹಸಗಳನ್ನೂ ಸವಿಸ್ತಾರವಾಗಿ ವರ್ಣಿಸಿದ್ದಾರೆ. ಆದರೆ ಆ ಶಾಸ್ತ್ರವನ್ನು ಕಲಿಯಲೆಂದು ಕಾಲೇಜಿನ ಮೆಟ್ಟಿಲೇರಿದ ತರುಣನ ಅಂತರಂಗದಲ್ಲಿ ಏನು ನಡೆಯುತ್ತದೆ, ಮೊದಲ ದಿನದ ಅವನ ಉತ್ಸಾಹ ಮೂರನೆಯ ವರ್ಷದ ಹೊತ್ತಿಗೆ ಎಲ್ಲಿ ಸೋರಿಹೋಗುತ್ತದೆ ಎಂದು ವಿಚಾರಿಸುವ ಗೋಜಿಗೆ ಬಹುಕಾಲ ಹೆಚ್ಚಿನವರು ಹೋಗಲಿಲ್ಲ. ಆಸಕ್ತಿಯೆಂಬುದು ಹುಟ್ಟಿನಿಂದ ಬರತಕ್ಕ ಗುಣ, ಅದುಳ್ಳವನು ಕಲಿತಾನು, ಇಲ್ಲದವನು ನಪಾಸಾದಾನು ಎಂಬ ಧೋರಣೆಯಲ್ಲಿ ಗುರುಗಳು ನಿಶ್ಚಿಂತರಾಗಿದ್ದರು. ಈ ನಿಶ್ಚಿಂತೆಯನ್ನು ಕದಲಿಸಿ, ಶಿಷ್ಯನ ಕಲಿಕೆಗೆ ಗುರುವೂ ಹೊಣೆಗಾರನೆಂಬ ಮಾತನ್ನು ಬರಿಯ ಉಪದೇಶವಾಗಿ ಬಿಡದೆ ಸಂಶೋಧನೆಯ ವಿಷಯವನ್ನಾಗಿ ಮಾಡಿದವರಲ್ಲಿ ಅಮೆರಿಕದ ಡಾಕ್ಟರ್ ಜಾರ್ಜ್ ಮಿಲ್ಲರರು ಅಗ್ರಗಣ್ಯರು.

ಮಿಲ್ಲರರಿಗೆ ಪೂರ್ವದ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅಮೆರಿಕದ ವೈದ್ಯಶಿಕ್ಷಣದ ಪುನರ್ರಚನೆಯನ್ನು 1910ರ ಫ್ಲೆಕ್ಸ್‌ನರ್ ವರದಿಯಿಂದ ಎಣಿಸುವುದು ವಾಡಿಕೆ. ಅಬ್ರಹಾಂ ಫ್ಲೆಕ್ಸ್‌ನರ್ ವೈದ್ಯರಲ್ಲ, ಮೇಷ್ಟ್ರು. ಲೂಯಿವಿಲ್ ನಗರದಲ್ಲಿ ಅವರು ನಡೆಸಿದ ಸ್ವಂತ ಶಾಲೆಯಲ್ಲಿ ಪರೀಕ್ಷೆಗಳೂ ಇರಲಿಲ್ಲ, ದಾಖಲೆಪತ್ರಗಳೂ ಇರಲಿಲ್ಲ. ಅಂಥವರು ಅಮೆರಿಕ ಮತ್ತು ಕೆನಡಾಗಳ 155 ವೈದ್ಯಶಾಲೆಗಳನ್ನು ಪರಿಶೀಲಿಸಿ ಬರೆದ ವರದಿಯ ಫಲವಾಗಿ ಕಳಪೆ ಶಾಲೆಗಳು ಮುಚ್ಚಿದವು, ಪ್ರಯೋಗಾಲಯಗಳು ಎದ್ದವು, ಎರಡು ವರ್ಷ ಮೂಲವಿಜ್ಞಾನ ಎರಡು ವರ್ಷ ಆಸ್ಪತ್ರೆ ಎಂಬ ಕ್ರಮವು ಸ್ಥಿರಪಟ್ಟಿತು. ಕರಿಯ ವಿದ್ಯಾರ್ಥಿಗಳಿಗಾಗಿ ಇದ್ದ ಏಳು ಶಾಲೆಗಳಲ್ಲಿ ಎರಡೇ ಉಳಿದವೆಂಬುದನ್ನೂ ಅದರ ಲೆಕ್ಕಕ್ಕೆ ಸೇರಿಸಬೇಕು. ಪರೀಕ್ಷೆಯಿಲ್ಲದ ಶಾಲೆಯನ್ನು ನಡೆಸಿದಾತನ ಹೆಸರಿನಲ್ಲಿ ನೆಲೆಗೊಂಡ ವ್ಯವಸ್ಥೆಯು ಕಾಲಕ್ರಮದಲ್ಲಿ ಪರೀಕ್ಷೆಗಳ ಭಾರದಡಿಯಲ್ಲಿಯೇ ಏದುಸಿರುಬಿಡತೊಡಗಿದ್ದು ವಿಧಿಯ ವಿನೋದವೆನ್ನಬೇಕು.

ಈ ವ್ಯವಸ್ಥೆಯನ್ನು ಮೊದಲು ಧೈರ್ಯವಾಗಿ ಬದಲಿಸಿದ್ದು ಕ್ಲೀವ್‌ಲೆಂಡಿನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯ. 1952ರಲ್ಲಿ ಅಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರವೆಂಬ ವಿಭಾಗಗಳ ಗೋಡೆಗಳನ್ನು ಕೆಡವಿ, ಹೃದಯ, ಶ್ವಾಸಕೋಶ, ಮೂತ್ರಪಿಂಡವೆಂದು ಅಂಗವ್ಯೂಹಗಳ ಕ್ರಮದಲ್ಲಿ ಪಾಠಗಳನ್ನು ಹೆಣೆದರು. ಅದಕ್ಕಿಂತಲೂ ಗಮನಾರ್ಹವಾದುದು, ಮೊದಲ ವರ್ಷದ ವಿದ್ಯಾರ್ಥಿಗೆ ಗರ್ಭಿಣಿಯೊಬ್ಬಳಿರುವ ಕುಟುಂಬವನ್ನು ಒಪ್ಪಿಸಿದ್ದು. ಔಷಧಿಯ ಹೆಸರನ್ನು ಕೂಡ ಸರಿಯಾಗಿ ಅರಿಯದ ಹುಡುಗನು ಆ ತಾಯಿಯ ಜೊತೆಗೆ ತಪಾಸಣೆಗಳಿಗೆ ಹೋಗುವನು, ಪ್ರಸವದ ಹೊತ್ತಿಗೆ ಹತ್ತಿರವಿರುವನು, ಕೂಸಿನ ಬೆಳವಣಿಗೆಯನ್ನು ನೋಡುವನು. ಶವಚ್ಛೇದನದ ಮೇಜಿನ ಮುಂದೆ ವರ್ಷಗಟ್ಟಲೆ ನಿಂತ ಮೇಲೆಯೇ ಜೀವಂತ ಮನುಷ್ಯನ ಮುಖ ಕಾಣತಕ್ಕದ್ದೆಂಬ ಹಳೆಯ ಕ್ರಮಕ್ಕೆ ಬಿದ್ದ ಪೆಟ್ಟು ಇದು. ಓದುವುದು ಯಾರಿಗಾಗಿ ಎಂಬುದು ಕಣ್ಣೆದುರಿಗಿದ್ದರೆ ಓದಿನ ಬಗೆಯೇ ಬೇರೆಯಾಗುವುದೆಂಬ ನಂಬಿಕೆ ಅದರ ಹಿಂದಿತ್ತು; ಆದರೆ ನಂಬಿಕೆಯನ್ನು ಪರೀಕ್ಷಿಸುವ ಸಾಧನಗಳು ಇನ್ನೂ ಸಿದ್ಧವಾಗಿರಲಿಲ್ಲ.

ಅದೇ ದಶಕದ ಮಧ್ಯಭಾಗದಲ್ಲಿ, ಬಫಲೋ ನಗರದ ವಿಶ್ವವಿದ್ಯಾನಿಲಯದಲ್ಲಿ ವೈದ್ಯಾಧ್ಯಾಪಕರಾಗಿದ್ದ ಮಿಲ್ಲರರು, ಅಂದಿನ ಕಾಲಕ್ಕೆ ಸಹೋದ್ಯೋಗಿಗಳಿಗೆ ವಿಚಿತ್ರವಾಗಿ ಕಂಡಿರಬಹುದಾದ ಕಾರ್ಯವೊಂದಕ್ಕೆ ಕೈಹಾಕಿದರು. ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವವರಿಗೂ ಬೋಧನಕ್ರಮದ ತರಬೇತಿಯುಂಟು, ಮನುಷ್ಯನ ಪ್ರಾಣವನ್ನು ಕಾಯುವ ವಿದ್ಯೆಯನ್ನು ಹೇಳಿಕೊಡುವ ಪ್ರೊಫೆಸರನಿಗೆ ಮಾತ್ರ ಅದೇತಕ್ಕಿಲ್ಲ ಎಂಬುದು ಅವರ ಸಂಶಯದ ಬೀಜ. ವಿಷಯವನ್ನು ಬಲ್ಲವನಿಗೆ ಅದನ್ನು ಹೇಳಿಕೊಡುವುದೂ ತಾನಾಗಿಯೇ ಬರುವುದೆಂಬ ನಂಬಿಕೆ ಅಂದು ಪ್ರಬಲವಾಗಿತ್ತು. ಇಂದಿಗೂ ಅದು ಪೂರ್ತಿ ಸತ್ತಿದೆಯೆಂದು ನಾನು ಭಾವಿಸೆನು. ಮಿಲ್ಲರರು ತಮ್ಮದೇ ವಿಶ್ವವಿದ್ಯಾನಿಲಯದ ಶಿಕ್ಷಣಶಾಸ್ತ್ರ ವಿಭಾಗದ ಬಾಗಿಲನ್ನು ತಟ್ಟಿದರು. ಸ್ಟೀಫನ್ ಅಬ್ರಹಾಂಸನ್ ಮೊದಲಾದ ಶಿಕ್ಷಣತಜ್ಞರು ಒಂದು ಕಡೆ, ರೋಗಿಗಳ ಗಡಿಬಿಡಿಯಿಂದ ಬಿಡುವು ಮಾಡಿಕೊಂಡು ಬಂದ ವೈದ್ಯರು ಒಂದು ಕಡೆ. ಹೀಗೆ ಉಭಯರೂ ಒಂದೆಡೆ ಕುಳಿತು, ಕಲಿಕೆಯೆಂದರೇನು, ಉಪನ್ಯಾಸದಿಂದ ಏನು ಸಾಧ್ಯ ಏನು ಅಸಾಧ್ಯ, ಪರೀಕ್ಷೆಯು ಅಳೆಯುವುದು ಜ್ಞಾನವನ್ನೋ ಸ್ಮರಣೆಯನ್ನೋ ಎಂದು ಚರ್ಚಿಸಿದರು. ಈ ಒಡನಾಟದಿಂದ 1961ರಲ್ಲಿ ಹೊರಬಂದ, ವೈದ್ಯಶಾಲೆಯಲ್ಲಿ ಬೋಧನೆ ಮತ್ತು ಕಲಿಕೆಯನ್ನು ಕುರಿತ ಗ್ರಂಥವು ಆ ಕ್ಷೇತ್ರದ ಆದ್ಯಗ್ರಂಥಗಳಲ್ಲೊಂದು. ಅಷ್ಟು ಹೊತ್ತಿಗೆ ಮಿಲ್ಲರರು ಬಫಲೋವನ್ನು ಬಿಟ್ಟು, ಷಿಕಾಗೋದಲ್ಲಿದ್ದ ಇಲಿನಾಯ್ ವಿಶ್ವವಿದ್ಯಾನಿಲಯದ ವೈದ್ಯಕಾಲೇಜಿನಲ್ಲಿ ವೈದ್ಯಶಿಕ್ಷಣ ಸಂಶೋಧನೆಗೆಂದೇ ಒಂದು ಕಚೇರಿಯನ್ನು ತೆರೆದಿದ್ದರು.

ಷಿಕಾಗೋದಲ್ಲಿ ಅವರ ಜೊತೆಗೂಡಿದ ಕ್ರಿಸ್ಟೀನ್ ಮೆಗ್ವಾಯರ್ ವೈದ್ಯಪರೀಕ್ಷೆಗಳ ಪ್ರಶ್ನೆಗಳನ್ನು ಒಂದೊಂದಾಗಿ ವರ್ಗೀಕರಿಸಿ ನೋಡಿದಾಗ, ಬಹುಪಾಲು ಪ್ರಶ್ನೆಗಳು ಬಿಡಿಬಿಡಿಯಾದ ಸಂಗತಿಗಳ ಸ್ಮರಣೆಯನ್ನಷ್ಟೆ ಬೇಡುವುದು ಗೋಚರವಾಯಿತು. ಉರುಹೊಡೆದವನಿಗೆ ಪ್ರಶಸ್ತಿ, ಯೋಚಿಸಿದವನಿಗೆ ಪಶ್ಚಾತ್ತಾಪ! ಇದಕ್ಕೆ ಪ್ರತಿಯಾಗಿ ರೂಪುಗೊಂಡ ಪ್ರಶ್ನೆಪತ್ರಿಕೆಯಲ್ಲಿ ಒಬ್ಬ ರೋಗಿಯ ವೃತ್ತಾಂತವಿರುತ್ತಿತ್ತು. ವಿದ್ಯಾರ್ಥಿಯು ತನಗೆ ಬೇಕೆನಿಸಿದ ತಪಾಸಣೆಯನ್ನು ಆರಿಸಿ, ಅದರ ಮುಂದಿನ ಲೇಪವನ್ನು ಅಳಿಸಿದರೆ ಫಲಿತಾಂಶ ಕಾಣುವುದು, ಅದನ್ನು ನೋಡಿ ಮುಂದಿನ ಹೆಜ್ಜೆಯನ್ನು ನಿಶ್ಚಯಿಸಬೇಕು. ಅಳಿಸಿದ್ದನ್ನು ಮತ್ತೆ ಮುಚ್ಚಲಾಗದು, ರೋಗಿಯ ಮೇಲೆ ಮಾಡಿದ ಪ್ರಯೋಗವನ್ನು ಹಿಂತೆಗೆದುಕೊಳ್ಳಲಾಗದಂತೆಯೇ.

ಮಿಲ್ಲರರ ಗ್ರಂಥ ಪ್ರಕಟವಾದ 1961ರಲ್ಲಿಯೇ ಕಾನ್ಸಾಸ್ ವಿಶ್ವವಿದ್ಯಾನಿಲಯದ ವೈದ್ಯವಿದ್ಯಾರ್ಥಿಗಳನ್ನು ಕುರಿತ ಇನ್ನೊಂದು ಪುಸ್ತಕವೂ ಹೊರಬಂತು. ಹೋವರ್ಡ್ ಬೆಕರ್ ಮತ್ತು ಅವರ ಸಂಗಡಿಗರಾದ ಸಮಾಜಶಾಸ್ತ್ರಜ್ಞರು ತರಗತಿಯಲ್ಲಿಯೂ ವಾರ್ಡಿನಲ್ಲಿಯೂ ವಿದ್ಯಾರ್ಥಿಗಳ ಬೆನ್ನಹಿಂದೆ ತಿರುಗಿ ಕಂಡ ಸಂಗತಿ ಸ್ವಾರಸ್ಯಕರವಾಗಿದೆ. ಹೊಸಬನು ಎಲ್ಲವನ್ನೂ ಕಲಿತೇ ತೀರುವೆನೆಂದು ಬರುವನು. ಕೆಲವೇ ವಾರಗಳಲ್ಲಿ ಎಲ್ಲವನ್ನೂ ಕಲಿಯುವುದು ಅಸಾಧ್ಯವೆಂದು ಅರಿಯುವನು. ಅನಂತರ ಯಾವುದು ಮುಖ್ಯವೆಂದು ತಾನೇ ಆರಿಸಲು ಹೊರಟು, ಕಡೆಗೆ ಗುರುಗಳು ಪರೀಕ್ಷೆಯಲ್ಲಿ ಕೇಳತಕ್ಕದ್ದೇ ಮುಖ್ಯವೆಂಬ ತೀರ್ಮಾನಕ್ಕೆ ಬರುವನು. ಆದರ್ಶವು ಅವನಲ್ಲಿ ಸತ್ತಿರುವುದಿಲ್ಲ, ಪದವಿಯ ದಿನ ಸಮೀಪಿಸಿದಾಗ ಮತ್ತೆ ತಲೆಯೆತ್ತುವುದು. ಸದ್ಯಕ್ಕೆ ಅದನ್ನು ಮಡಿಸಿ ಒಳಗಿಟ್ಟಿರುತ್ತಾನೆ, ಅಷ್ಟೆ. ನನ್ನ ಮತಿಗೆ, ವಿದ್ಯಾರ್ಥಿಗಳನ್ನು ನಿರಾಸಕ್ತರೆಂದು ಜರೆಯುವ ಗುರುಗಳು ಈ ಒಂದು ಪುಸ್ತಕವನ್ನಾದರೂ ಓದತಕ್ಕದ್ದು.

ಆಸಕ್ತಿಯ ಸ್ವರೂಪವನ್ನೇ ಪ್ರಯೋಗಕ್ಕೆ ಒಡ್ಡಿದವರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರು. ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಸೋಮಾ ಎಂಬ ಏಳು ತುಂಡುಗಳ ಒಗಟನ್ನು ಇಡಲಾಗಿತ್ತು. ಕೆಲವರಿಗೆ ನಡುವಿನ ದಿನ ಮಾತ್ರ ಬಿಡಿಸಿದ ಒಂದೊಂದು ಒಗಟಿಗೂ ಒಂದೊಂದು ಡಾಲರು, ಉಳಿದವರಿಗೆ ಏನೂ ಇಲ್ಲ. ಪ್ರಯೋಗಕಾರನು ನೆಪಹೇಳಿ ಎಂಟು ನಿಮಿಷ ಹೊರಗೆ ಹೋಗುವನು. ಮೇಜಿನ ಮೇಲೆ ಪತ್ರಿಕೆಗಳಿರುವವು. ಹುಡುಗನು ಪತ್ರಿಕೆ ತಿರುವುವನೋ ಒಗಟನ್ನೇ ಹಿಡಿದು ಕೂರುವನೋ ಎಂಬುದನ್ನು ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದಿನಿಂದ ನೋಡುವರು. ದುಡ್ಡು ಪಡೆದವರು, ದುಡ್ಡು ನಿಂತ ಮರುಸರದಿಯಲ್ಲಿ, ಮೊದಲು ತಾವೇ ತೋರಿದ್ದ ಆಸಕ್ತಿಗಿಂತ ಕಡಮೆ ಆಸಕ್ತಿಯನ್ನು ತೋರಿದರು. ಮುಂದೆ ಡೆಸಿಯವರು ರಾಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ರಿಚರ್ಡ್ ರಯನ್ನರೊಡನೆ ಇದನ್ನು ಬೆಳೆಸಿ, ಸ್ವಾತಂತ್ರ್ಯ, ಸಾಮರ್ಥ್ಯ, ಬಾಂಧವ್ಯ ಈ ಮೂರೂ ಮನಸ್ಸಿನ ಮೂಲಭೂತ ಅಗತ್ಯಗಳೆಂದು ಸ್ವನಿರ್ಧಾರದ ಸಿದ್ಧಾಂತವನ್ನು ರಚಿಸಿದರು.

ಈ ಸಿದ್ಧಾಂತವನ್ನು ವೈದ್ಯಶಿಕ್ಷಣಕ್ಕೆ ಹೊಂದಿಸಿ ನೋಡಿದವರು ಅದೇ ರಾಚೆಸ್ಟರಿನ ವೈದ್ಯ ಜೆಫ್ರಿ ವಿಲಿಯಮ್ಸ್. ರೋಗವನ್ನು ದೇಹ ಮನಸ್ಸು ಸಮಾಜಗಳ ಕೂಡುತಾಣವೆಂದು 1977ರಲ್ಲಿ ವಾದಿಸಿದ ಜಾರ್ಜ್ ಎಂಗೆಲ್ ಕೂಡ ಅಲ್ಲಿಯವರೇ. ವಿಲಿಯಮ್ಸ್ ಮತ್ತು ಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದ ವಸ್ತು, ಎಂಗೆಲರ ಆ ದೃಷ್ಟಿಯಿಂದ ರೋಗಿಯೊಡನೆ ಮಾತನಾಡುವುದನ್ನು ಕಲಿಸುವ ಎರಡನೆಯ ವರ್ಷದ ಒಂದು ಪಾಠಕ್ರಮ. ಯಾವ ಗುರುವು ಶಿಷ್ಯನ ದೃಷ್ಟಿಯನ್ನು ಕೇಳಿ, ಕಾರಣ ತಿಳಿಸಿ, ಆಯ್ಕೆಗೆ ಎಡೆಗೊಡುವನೆಂದು ವಿದ್ಯಾರ್ಥಿಗಳಿಗೆ ತೋರಿತೋ, ಅಂಥವನ ಶಿಷ್ಯರಲ್ಲಿ ಸ್ವಂತ ಇಚ್ಛೆಯಿಂದ ಕಲಿಯುವ ಭಾವ ಹೆಚ್ಚಿತು. ಆರು ತಿಂಗಳು ಕಳೆದ ಮೇಲೆ, ರೋಗಿಯ ಪಾತ್ರವನ್ನು ವಹಿಸಿದವರೊಡನೆ ಮಾತನಾಡುವಾಗ ಆ ಶಿಷ್ಯರೂ ಎದುರಿನವರಿಗೆ ಅದೇ ಮನ್ನಣೆಯನ್ನು ತೋರಿದರು. ಗುರುವಿನಿಂದ ತಾನು ಕಂಡ ನಡತೆಯನ್ನೇ ಶಿಷ್ಯನು ರೋಗಿಗೆ ದಾಟಿಸುವನೆಂದಾಯಿತು.

ಮಿಲ್ಲರರ ಕಾರ್ಯವು ಈ ನಡುವೆ ಸಮುದ್ರಗಳನ್ನು ದಾಟಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ವೈದ್ಯಗುರುಗಳ ತರಬೇತಿಗೆ ಷಿಕಾಗೋದ ಅವರ ಕೇಂದ್ರವನ್ನು ಆಧಾರಮಾಡಿಕೊಂಡಿತು; ಸಿಂಹಳದ ಪೆರಾದೆನಿಯದಲ್ಲಿ ಪ್ರಾದೇಶಿಕ ಕೇಂದ್ರವೂ, 1970ರ ದಶಕದಲ್ಲಿ ಪುದುಚೇರಿಯ ಜಿಪ್ಮರ್ ವೈದ್ಯಸಂಸ್ಥೆಯಲ್ಲಿ ನಮ್ಮ ದೇಶದ ರಾಷ್ಟ್ರೀಯ ಅಧ್ಯಾಪಕ ತರಬೇತಿ ಕೇಂದ್ರವೂ ತಲೆಯೆತ್ತಿದವು. 1990ರಲ್ಲಿ ಮಿಲ್ಲರರು ತಾವು ಬರೆದ ಸಣ್ಣ ಪ್ರಬಂಧವೊಂದರಲ್ಲಿ ವೈದ್ಯನ ಯೋಗ್ಯತೆಯನ್ನು ನಾಲ್ಕು ಅಂತಸ್ತುಗಳ ಗೋಪುರವಾಗಿ ಚಿತ್ರಿಸಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜಜೀವನದಲ್ಲಿ ಮಾಡುವುದು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ನಮ್ಮ ಹಳೆಯ ವೈದ್ಯಕಾಲೇಜೂ ಸೇರಿದಂತೆ ದೇಶದ ಎಂ.ಬಿ.ಬಿ.ಎಸ್. ತರಗತಿಗಳಿಗೆ 2019ರಿಂದ ಬಂದಿರುವ ಪಠ್ಯಕ್ರಮದಲ್ಲಿ, ಪ್ರತಿಯೊಂದು ಸಾಮರ್ಥ್ಯದ ಮುಂದೆ ‘ಕೆ’, ‘ಕೆ.ಎಚ್.’, ‘ಎಸ್.ಎಚ್.’, ‘ಪಿ’ ಎಂದು ಅಚ್ಚಾಗಿರುವ ಅಕ್ಷರಗಳು ಆ ಗೋಪುರದ ಅಂತಸ್ತುಗಳೇ. ‘ಪಿ’ ಎಂದಿರುವ ಕಡೆ, ವಿದ್ಯಾರ್ಥಿಯು ಆ ಕೆಲಸವನ್ನು ಸ್ವತಂತ್ರವಾಗಿ ಎಷ್ಟು ಸಲ ಮಾಡಿದರೆ ಗುರುವು ಪ್ರಮಾಣೀಕರಿಸಬಹುದೆಂಬ ಅಂಕಿಯನ್ನು ನಮೂದಿಸಲು ಪಕ್ಕದಲ್ಲಿಯೇ ಒಂದು ಅಂಕಣವಿದೆ.