ಬಸಿರು–ಬಾಣಂತನದ ಮನೋವೈದ್ಯಕೀಯ: ಬಳ್ಳಾರಿ ಮಾದರಿಯಿಂದ ಚಳ್ಳಕೆರೆ, ಮೊಳಕಾಲ್ಮೂರಿನ ಹಟ್ಟಿಗಳವರೆಗೆ

ಬಸಿರು ಮತ್ತು ಬಾಣಂತನದಲ್ಲಿ ಹೆಣ್ಣಿನ ಮನಸ್ಸಿಗೆ ಬರುವ ತೊಂದರೆಗಳಲ್ಲಿ ಇಂದಿನ ವೈದ್ಯಶಾಸ್ತ್ರ ಮುಖ್ಯವಾಗಿ ಮೂರನ್ನು ಬೇರ್ಪಡಿಸಿ ನೋಡುತ್ತದೆ. ಹೆರಿಗೆಯಾದ ಮೂರು-ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಉಕ್ಕಿ, ಎರಡು ವಾರದೊಳಗೆ ತಾನಾಗಿಯೇ ಇಳಿಯುವ ಬೇಸರ ಅರ್ಧಕ್ಕಿಂತ ಹೆಚ್ಚು ಬಾಣಂತಿಯರಲ್ಲಿ ಕಾಣುವಂಥದ್ದು. ಅದಕ್ಕೆ ಔಷಧ ಬೇಕಿಲ್ಲ. ಖಿನ್ನತೆ ಹಾಗಲ್ಲ; ಅದು ಎಷ್ಟೋ ಸಲ ಬಸಿರಿನಲ್ಲಿಯೇ ಮೊದಲಾಗಿ, ನಿದ್ದೆ, ಹಸಿವು, ಮಗುವಿನ ಮೇಲಿನ ಅಕ್ಕರೆ ಎಲ್ಲವನ್ನೂ ತಿಂಗಳುಗಟ್ಟಲೆ ಕುಗ್ಗಿಸುತ್ತದೆ. ಮೂರನೆಯದು, ಸಾವಿರ ಹೆರಿಗೆಗೆ ಒಂದೋ ಎರಡೋ ಎಂಬಷ್ಟು ವಿರಳವಾದರೂ ತಾಯಿ–ಮಗು ಇಬ್ಬರ ಜೀವಕ್ಕೂ ಅಪಾಯ ತರಬಲ್ಲ ಪ್ರಸವೋತ್ತರ ಮನೋವಿಕೃತಿ. ನಿದ್ದೆಯಿಲ್ಲದ ಒಂದೆರಡು ರಾತ್ರಿಗಳ ಹಿಂದೆಯೇ ಬರುವ ಬಡಬಡಿಕೆ, ಇಲ್ಲದ ದನಿ ಕೇಳುವುದು, ಮಗು ತನ್ನದಲ್ಲವೆಂಬ ಸಂಶಯ ಇದರ ಲಕ್ಷಣಗಳಾಗಿದ್ದು, ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎಂದು ಕರೆಯುವ ಸ್ಥಿತಿಗಳಲ್ಲಿ ಇದೂ ಸೇರಿರುತ್ತದೆ.

ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲಿಯೇ ಈ ವಿಷಯದ ಮೇಲೆ ಒಂದು ಇಡೀ ಗ್ರಂಥ ಬರೆದಿದ್ದರೂ ಅದು ಪ್ರತ್ಯೇಕ ಶಾಖೆಯಾಗಿ ಬೆಳೆಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಇಂಗ್ಲೆಂಡಿನ ಕ್ಯಾಸಲ್ ಆಸ್ಪತ್ರೆಯಲ್ಲಿ ಥಾಮಸ್ ಮೇನ್ 1948ರಲ್ಲಿ ಮನೋರೋಗಿ ತಾಯಂದಿರನ್ನು ಮಕ್ಕಳೊಂದಿಗೆ ದಾಖಲಿಸಿಕೊಳ್ಳಲು ಆರಂಭಿಸಿದ್ದು ಮುಂದೆ ತಾಯಿ–ಮಗು ಘಟಕಗಳ ಪರಿಕಲ್ಪನೆಗೆ ದಾರಿ ಮಾಡಿತು. 1987ರಲ್ಲಿ ಎಡಿನ್‌ಬರೋದ ಸಂಶೋಧಕರು ಹತ್ತೇ ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದ ಮೇಲೆ, ಮನೋವೈದ್ಯರಲ್ಲದವರೂ ಬಾಣಂತಿಯ ಖಿನ್ನತೆಯನ್ನು ಗುರುತಿಸುವುದು ಸಾಧ್ಯವಾಯಿತು. ಅದರ ಕನ್ನಡ ರೂಪವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರೂ ಸೇರಿದ್ದ ತಂಡವೊಂದು ಗ್ರಾಮೀಣ ಗರ್ಭಿಣಿಯರಲ್ಲಿ ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದೆ.

ಮನೆ ತುಂಬ ಜನರಿರುವ ನಮ್ಮಲ್ಲಿ ಬಾಣಂತಿಗೆ ಖಿನ್ನತೆ ಬಾರದೆಂಬ ನಂಬಿಕೆಯನ್ನು 2002ರ ಎರಡು ಅಧ್ಯಯನಗಳು ಅಲುಗಾಡಿಸಿದವು. ಗೋವಾದ ಅಧ್ಯಯನದಲ್ಲಿ ಶೇ. 23ರಷ್ಟು ತಾಯಂದಿರಲ್ಲಿ, ವೆಲ್ಲೂರು ಸುತ್ತಣ ಹಳ್ಳಿಗಳಲ್ಲಿ ಶೇ. 11ರಷ್ಟು ತಾಯಂದಿರಲ್ಲಿ ಹೆರಿಗೆಯ ನಂತರದ ಖಿನ್ನತೆ ಕಂಡುಬಂತು. ಎರಡೂ ಕಡೆ ಬಡತನದ ಜೊತೆಗೆ ಎದ್ದು ಕಂಡ ಕಾರಣ, ಗಂಡುಮಗುವಿನ ನಿರೀಕ್ಷೆಯಲ್ಲಿ ಹೆಣ್ಣು ಹುಟ್ಟಿದ್ದು. ಅಂದರೆ ಕಾಯಿಲೆಯ ಬೇರು ಹಾರ್ಮೋನಿನಲ್ಲಿರುವಷ್ಟೇ ಮನೆಯೊಳಗಿನ ಮಾತಿನಲ್ಲಿಯೂ ಇತ್ತು.

ಕರ್ನಾಟಕದಲ್ಲಿ ಈ ಶಾಖೆಗೆ ನೆಲೆ ಸಿಕ್ಕಿದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಡಾ. ಪ್ರಭಾ ಚಂದ್ರ ಅವರ ನೇತೃತ್ವದಲ್ಲಿ 2009ರಲ್ಲಿ ಅಲ್ಲಿ ಐದು ಹಾಸಿಗೆಗಳ ತಾಯಿ–ಮಗು ಘಟಕ ಆರಂಭವಾದಾಗ, ಪಶ್ಚಿಮದ ಮಾದರಿಯನ್ನು ಇದ್ದಂತೆಯೇ ತರದೆ, ಬಾಣಂತಿಯ ತಾಯಿಯೋ ಅತ್ತೆಯೋ ವಾರ್ಡಿನಲ್ಲಿಯೇ ಉಳಿದು ಮಗುವನ್ನು ನೋಡಿಕೊಳ್ಳುವ ಏರ್ಪಾಡು ಮಾಡಲಾಯಿತು. ದಾದಿಯರ ಕೊರತೆಯನ್ನು ಇದು ತುಂಬಿದ್ದು ನಿಜ. ಆದರೆ ಆರೈಕೆ ಮಾಡುವ ಮನೆಯವರಿಗೇ ಕಾಯಿಲೆ ಅರ್ಥವಾಗುವುದು ಅದಕ್ಕಿಂತ ದೊಡ್ಡ ಲಾಭ. ಅದೇ ಸಂಸ್ಥೆಯ ನರವೈದ್ಯ ಡಾ. ಡಿ. ನಾಗರಾಜ ಅವರ ತಂಡ ಬಾಣಂತಿಯರಲ್ಲಿ ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯನ್ನು ಬಹುಕಾಲ ಅಧ್ಯಯನ ಮಾಡಿದೆ. ಬಾಣಂತಿಗೆ ನೀರು ಕೊಡಬಾರದೆಂಬ ಪದ್ಧತಿಯಿಂದ ದೇಹ ಒಣಗುವುದು ಈ ಕಾಯಿಲೆಗೆ ಒತ್ತಾಸೆಯಾಗಬಲ್ಲದು, ಅದರಿಂದ ಬರುವ ಗೊಂದಲ, ಬಡಬಡಿಕೆ ಹೊರಗಿನವರಿಗೆ ಮನೋರೋಗದಂತೆಯೇ ಕಾಣುತ್ತದೆ. ಸನ್ನಿಯೆಂದು ಬೇವಿನ ಸೊಪ್ಪು ನಿವಾಳಿಸಿ ಸುಮ್ಮನಾಗುವುದು ಅಪಾಯಕಾರಿಯಾಗುವುದು ಇದಕ್ಕಾಗಿಯೇ.

ತಾಯಿ–ಮಗುವನ್ನು ಒಟ್ಟಿಗೇ ಇರಿಸುವ ತತ್ವಕ್ಕೆ ಮುಂದೆ ಕಾನೂನಿನ ಬೆಂಬಲವೂ ಸಿಕ್ಕಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದೂ, ಮಗುವಿನ ಸುರಕ್ಷತೆಗಾಗಿ ಅಗಲಿಸಿದರೆ ಆ ನಿರ್ಧಾರವನ್ನು 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕೆಂದೂ ಹೇಳಿತು.

ಇಷ್ಟೆಲ್ಲ ಬೆಳೆದ ವಿದ್ಯೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಎಂಬ ಎರಡು ಬಯಲುಸೀಮೆ ತಾಲ್ಲೂಕುಗಳನ್ನು ಮುಟ್ಟಿದ ದಾರಿ ಬೇರೆ. ಮೊಳಕಾಲ್ಮೂರಿಗೆ ಹೊಂದಿಕೊಂಡ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1985ರಿಂದ 1990ರವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಅದರ ಗಮನವೆಲ್ಲ ತೀವ್ರ ಮನೋರೋಗ, ಮೂರ್ಛೆರೋಗಗಳ ಮೇಲಿದ್ದು, ಬಾಣಂತಿಯರನ್ನು ಬೇರೆಯಾಗಿ ನೋಡುವ ಕಣ್ಣು ಆಗಿನ್ನೂ ಮೂಡಿರಲಿಲ್ಲ. 2014ರಲ್ಲಿ ರಾಜ್ಯ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮ ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಕರೆತಂದಿತು. ಆದರೆ ಹಸಿ ಬಾಣಂತಿ ಮಗುವನ್ನೆತ್ತಿಕೊಂಡು ಬಸ್ಸು ಹತ್ತಿ ಮಂಗಳವಾರದ ಸಾಲಿನಲ್ಲಿ ನಿಲ್ಲುವುದು ನಡೆಯುವ ಮಾತಲ್ಲ.

ಕಾಡುಗೊಲ್ಲರ ಹಟ್ಟಿಗಳಲ್ಲಿ ಈ ದೂರ ಇನ್ನೂ ಹೆಚ್ಚು. ಮೈಲಿಗೆ ದೇವರಿಗೆ ಸೋಕಬಾರದೆಂದು ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ವಾರಗಟ್ಟಲೆ ಇರಿಸುವ ಪದ್ಧತಿ ಹಲವೆಡೆ ಸಡಿಲವಾಗಿದ್ದರೂ ಅಳಿದಿಲ್ಲ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆಚಳಿಗೆ ಸಿಕ್ಕ ಕೂಸೊಂದು ತೀರಿಕೊಂಡಾಗ ಇದು ನಾಡಿನ ಸುದ್ದಿಯಾಯಿತು. ಸುದ್ದಿಯಾಗುವುದು ಸಾವು ಮಾತ್ರ. ರಾತ್ರಿ ಒಬ್ಬಳೇ ಕೂಸಿನೊಂದಿಗೆ ಕುಳಿತವಳ ನಿದ್ದೆಗೇಡು, ಭಯ ಯಾವ ದಾಖಲೆಗೂ ಬರುವುದಿಲ್ಲ. ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯಿದೆ ಮುಟ್ಟಾದ, ಗರ್ಭಿಣಿ ಹೆಂಗಸರನ್ನು ಹೊರಗಿಡುವುದನ್ನು ಅಪರಾಧವೆಂದಿದೆ. ಸರ್ಕಾರ ಹಟ್ಟಿಗಳ ಬಳಿ ಕೃಷ್ಣ ಕುಟೀರ, ಮಹಿಳಾ ಭವನಗಳನ್ನೂ ಕಟ್ಟಿಸಿತು. ಗುಡಿಸಲಿಗಿಂತ ಗಟ್ಟಿ ಸೂರು ಮೇಲೆನ್ನುವುದು ಸರಿಯಾದರೂ, ಹೊರಗಿಡುವುದಕ್ಕೇ ಸರ್ಕಾರಿ ಕಟ್ಟಡ ಒದಗಿಸಿದಂತಾಯಿತೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ಗುಡಿಸಲಿನ ಬಾಗಿಲವರೆಗೂ ಹೋಗಬಲ್ಲ ಆರೋಗ್ಯ ವ್ಯವಸ್ಥೆಯ ಏಕೈಕ ವ್ಯಕ್ತಿ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಕೆ 3, 7, 14, 21, 28 ಮತ್ತು 42ನೆಯ ದಿನ ಹೋಗಿ ಮಗುವಿನ ತೂಕ, ಮೈಬಿಸಿ ನೋಡಬೇಕೆಂಬ ನಿಯಮವಿದೆ. ಮನೋವಿಕೃತಿ ಹೆಚ್ಚಾಗಿ ತಲೆದೋರುವುದು ಮೊದಲ ಎರಡು ವಾರಗಳಲ್ಲಿ, ಅಂದರೆ ಈ ಮೊದಲ ಮೂರು ಭೇಟಿಗಳ ಅವಧಿಯಲ್ಲಿಯೇ. ಖಿನ್ನತೆ ಬೇರೂರುವ ಕಾಲ ಉಳಿದ ಮೂರರಲ್ಲಿ ಬರುತ್ತದೆ. ಪಾಕಿಸ್ತಾನದ ಹಳ್ಳಿಗಳಲ್ಲಿ ಇಂಥದೇ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಮಾತಿನ ಚಿಕಿತ್ಸೆ ನೀಡಿದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು: ಆರು ತಿಂಗಳ ನಂತರವೂ ಖಿನ್ನತೆಯಲ್ಲಿದ್ದವರು ಚಿಕಿತ್ಸೆ ಪಡೆದ ಗುಂಪಿನಲ್ಲಿ ಶೇ. 23, ಇನ್ನೊಂದು ಗುಂಪಿನಲ್ಲಿ ಶೇ. 53. ವಿಶ್ವ ಆರೋಗ್ಯ ಸಂಸ್ಥೆ ಇದೇ ವಿಧಾನವನ್ನು 2015ರಲ್ಲಿ ಕೈಪಿಡಿಯಾಗಿ ಹೊರತಂದಿದೆ.

ಆದ್ದರಿಂದ ಚಳ್ಳಕೆರೆಗೂ ಮೊಳಕಾಲ್ಮೂರಿಗೂ ಈಗ ಬೇಕಿರುವುದು ಹೊಸ ಘಟಕಕ್ಕಿಂತ ಮೊದಲು ಈ ಆರು ಭೇಟಿಗಳಲ್ಲಿ ತಾಯಿಗೂ ಒಂದು ಪಾಲು. ಮಗುವನ್ನು ತೂಗಿದ ಮೇಲೆ “ರಾತ್ರಿ ನಿದ್ದೆ ಬರ್ತದೇನಮ್ಮ, ಜೀವ ಬ್ಯಾಸರ ಆಗ್ತದೇನು” ಎಂದು ಕೇಳುವ ತರಬೇತಿಯೂ, ಉತ್ತರ ಭಯ ಹುಟ್ಟಿಸುವಂತಿದ್ದರೆ ಅಂದೇ ಆಸ್ಪತ್ರೆಗೆ ಸಾಗಿಸುವ ವಾಹನವೂ ಆಶಾಗೆ ಸಿಗಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ–ಮನಸ್ ಸಹಾಯವಾಣಿಯ ಸಂಖ್ಯೆ ಪ್ರತಿ ತಾಯಿ ಕಾರ್ಡಿನ ಮೇಲೂ ಇರಬೇಕು. ಸಂಖ್ಯೆ 14416, ಹಗಲಿರುಳು ತೆರೆದಿರುವ ಈ ಕರೆ ಉಚಿತ, ಮಾತು ಕನ್ನಡದಲ್ಲಿಯೇ ಆಡಬಹುದು.