ತಂತ್ರಾಂಶ ಘಟಕಗಳ ಪುನರುಪಯೋಗ: ಕರಾರಿನಲ್ಲಿ ಕಾಲದ ಸ್ಥಾನ

ಒಂದು ವಿಮಾನದಲ್ಲಿ ಪರೀಕ್ಷಿತವಾದ ತಂತ್ರಾಂಶ ಘಟಕವನ್ನು ಮತ್ತೊಂದರಲ್ಲಿ ಬಳಸಿಕೊಂಡರೆ ವೆಚ್ಚವೂ ವಿಳಂಬವೂ ತಗ್ಗುವುವೆಂಬುದು ಸರ್ವಸಮ್ಮತ. ವಿವಾದವಿರುವುದು, ಘಟಕದೊಡನೆ ಏನನ್ನು ಬರೆದುಕೊಡಬೇಕೆಂಬಲ್ಲಿ.

1996ರ ಜೂನ್ 4ರಂದು ಆರಿಯಾನ್-5 ರಾಕೆಟ್ಟು ಮೊದಲ ಉಡಾವಣೆಯಲ್ಲೇ ನಾಶವಾಯಿತು. ಆರಿಯಾನ್-4ರಿಂದ ತಂದ ತಂತ್ರಾಂಶದಲ್ಲಿ 64 ಬಿಟ್ಟಿನ ಸಂಖ್ಯೆಯೊಂದು 16 ಬಿಟ್ಟಿನ ಪೂರ್ಣಾಂಕದೊಳಗೆ ಹಿಡಿಸಲಿಲ್ಲ. ಘಟಕದ ಪೂರ್ವನಿಬಂಧನೆಗಳನ್ನು ನಮೂದಿಸುವ ಕರಾರಿಲ್ಲದೆ ಪುನರುಪಯೋಗ ಮಾಡುವುದು ಅವಿವೇಕವೆಂದು ಜೆಜೆಕೆಲ್ ಮತ್ತು ಮೇಯರ್ 1997ರಲ್ಲಿ ಇದರಿಂದ ನಿರ್ಣಯಿಸಿದರು.

ಈ ನಿರ್ಣಯ ಅರ್ಧಸತ್ಯವೆಂದು ನನಗೆ ತೋರುತ್ತದೆ. ಲಿಯೋನ್ಸ್ ನೇತೃತ್ವದ ತನಿಖಾ ಮಂಡಲಿಯ ವರದಿಯಂತೆ, ಅಪಾಯಕ್ಕೀಡಾಗಬಹುದಾದ ಏಳು ಚರಾಂಶಗಳನ್ನು ತಂತ್ರಜ್ಞರು ಮೊದಲೇ ಗುರುತಿಸಿ, ನಾಲ್ಕಕ್ಕೆ ಮಾತ್ರ ರಕ್ಷಣೆಯೊದಗಿಸಿದ್ದರು; ಗಣಕದ ಹೊರೆ ಶೇಕಡಾ 80ನ್ನು ಮೀರಬಾರದೆಂಬ ಗುರಿಯಿದ್ದುದರಿಂದ, ಉಳಿದ ಮೂರನ್ನು ಅವುಗಳ ಬೆಲೆಗೆ ಭೌತಿಕ ಮಿತಿಯೋ ಸಾಕಷ್ಟು ಅಂತರವೋ ಇದೆಯೆಂದು ಹಾಗೆಯೇ ಬಿಟ್ಟಿದ್ದರು. ಅಂದರೆ ಅಲ್ಲಿ ನಡೆದದ್ದು ಮರೆವಲ್ಲ, ಕಾಲದ ಮಿತವ್ಯಯ. ಮೇಯರರು ಕೇಳಿದ್ದು ಓಡುವಾಗಿನ ತಪಾಸಣೆಯನ್ನಲ್ಲ, ಲಿಖಿತ ನಿಬಂಧನೆಯನ್ನು ಎಂಬ ಸಮಾಧಾನವುಂಟು. ಅದು ನ್ಯಾಯವೂ ಹೌದು, ಬೆಲೆಯ ಮಿತಿಯನ್ನು ಬರೆದಿದ್ದರೆ ವಿಮರ್ಶಕನೊಬ್ಬನ ಕಣ್ಣಿಗೆ ಬೀಳುತ್ತಿತ್ತೇನೋ. ಆದರೂ, ಕನಿಷ್ಠಪಕ್ಷ ನೈಜಕಾಲಿಕ ವ್ಯವಸ್ಥೆಗಳ ಮಟ್ಟಿಗೆ, ರಕ್ಷಣೆಯನ್ನು ಕೈಬಿಟ್ಟ ಕಾರಣವೂ ಅದಕ್ಕೆ ಒಪ್ಪಿದ ಕಾಲದ ಲೆಕ್ಕವೂ ಕರಾರಿನಲ್ಲಿಲ್ಲದಿದ್ದರೆ, ಆ ವಿನಾಯಿತಿ ತನ್ನ ಗಣಕಕ್ಕೆ ಇನ್ನೂ ಅಗತ್ಯವೇ ಎಂದು ಹೊಸ ಬಳಕೆದಾರನು ತೀರ್ಮಾನಿಸಲಾರನೆಂದು, ಸಂಕೋಚದಿಂದಲೇ, ವಾದಿಸಬಯಸುತ್ತೇನೆ.

ನಮ್ಮ ತೇಜಸ್ ವಿಮಾನ ಇದಕ್ಕೆ ಸಮೀಪದ ಉದಾಹರಣೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಅದರ ನಿಯಂತ್ರಣಕ್ಕೆ ನಾಲ್ಮಡಿ ಗಣಕವ್ಯವಸ್ಥೆಯಿದೆ. ನಾಲ್ಕರಲ್ಲೂ ಒಂದೇ ತಂತ್ರಾಂಶವಿದ್ದರೆ, ಈ ಬಾಹುಳ್ಯ ಯಂತ್ರದೋಷವನ್ನು ತಡೆಯಬಲ್ಲುದೇ ಹೊರತು ಎರವಲು ತಂದ ದೋಷವನ್ನಲ್ಲ. ಆರಿಯಾನ್‌ನಲ್ಲೂ ಒಂದೇ ತಂತ್ರಾಂಶವಿದ್ದ ಎರಡು ಗಣಕಗಳು ಒಂದೇ ಬಗೆಯಲ್ಲಿ ಕೆಟ್ಟಿದ್ದವು. ಘಟಕವೊಂದರ ಸನ್ನಿವೇಶ ಹೇಗೆ ಬದಲಾಗಬಹುದೆಂಬುದನ್ನು ತೇಜಸ್ಸಿನ ನೌಕಾದಳದ ರೂಪ ತೋರಿಸುತ್ತದೆ. ಅದು 2012ರ ಏಪ್ರಿಲ್ 27ರಂದು ಮೊದಲು ಹಾರಿತು. 2014ರ ಡಿಸೆಂಬರಿನಲ್ಲಿ ಗೋವೆಯ ಏರುಮುಖ ವೇದಿಕೆಯಿಂದ (ಸ್ಕೀ-ಜಂಪ್) ಮೇಲೆದ್ದಿತು. ಓಡುಹಾದಿಯಲ್ಲಿ ಚಕ್ರ ನೆಲ ಬಿಡುವಾಗ ಹಾರಲು ತಕ್ಕ ವೇಗ ಬಂದಿರುತ್ತದೆ. ವೇದಿಕೆಯಲ್ಲಿ ಚಕ್ರ ಮೊದಲು ಬಿಡುತ್ತದೆ, ವೇಗ ಆಮೇಲೆ ಬರುತ್ತದೆ. 'ನೆಲ ಬಿಟ್ಟಿತು' ಎಂಬ ಒಂದೇ ಸಂಕೇತವನ್ನು ನಂಬಿ ನಡೆಯುವ ಘಟಕಕ್ಕೆ ಈ ನಡುವಣ ಕ್ಷಣಗಳೇ ನಿಜವಾದ ಪೂರ್ವನಿಬಂಧನೆ.

ಬಹುತಿರುಳಿನ ಹೊಸ ಪ್ರೊಸೆಸರುಗಳಲ್ಲಿ ಒಂದು ಘಟಕಕ್ಕೆ ತಗಲುವ ಗರಿಷ್ಠ ಕಾಲ ನೆರೆಯ ಘಟಕಗಳ ನಡತೆಯನ್ನೂ ಅವಲಂಬಿಸುತ್ತದೆ. ಅಲ್ಲಿ ಅಂಥ ಕಾಲವನ್ನು ಘಟಕದ ಕರಾರಿನಲ್ಲಿಯೇ ನಮೂದಿಸಬಹುದೇ, ಇಲ್ಲವೇ ಇಡಿಯ ವ್ಯವಸ್ಥೆಯೊಡನೆ ಮಾತ್ರ ಬರೆಯಬೇಕೇ ಎಂಬುದನ್ನು ಈ ಲೇಖನ ಬಗೆಹರಿಸಿಲ್ಲ.