ಅಪ್ಪನ ಸ್ಯಾಂಡೋ ಬನಿಯನ್ನೂ ನನ್ನ ಹೊಸ ಕೆಲಸವೂ

ಇವತ್ತಿನ ಕಥೆ ಶುರುವಾಗೋದು ಒಂದು ಬನಿಯನ್‌ನಿಂದ. ತೋಳಿಲ್ಲದ, ಬಿಳೀ ಹತ್ತಿ ಬನಿಯನ್. ಅಂಗಡೀಲಿ ಅದನ್ನ ಏನಂತ ಕೇಳ್ತೀವಿ? ಸ್ಯಾಂಡೋ ಬನಿಯನ್. ಈ ಸ್ಯಾಂಡೋ ಅಂದ್ರೆ ಯಾರು ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ? ಮೂರು ವರ್ಷದ ಹಿಂದಿನವರೆಗೆ ನಾನೂ ಮಾಡಿರಲಿಲ್ಲ.

ಆಗ ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನೀಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಆರು ವರ್ಷದ ಅನುಭವ, ಒಳ್ಳೇ ಸಂಬಳ, ಜೊತೆಗೆ ಬೆನ್ನುನೋವು. ನೋವಿಗೆ ಅಂತ ಜಿಮ್‌ಗೆ ಸೇರಿದವಳು, ಎರಡು ವರ್ಷದಲ್ಲಿ ಕೆಲಸ ಬಿಟ್ಟು ಟ್ರೈನರ್ ಆಗ್ತೀನಿ ಅಂತ ತೀರ್ಮಾನ ಮಾಡಿದೆ. ಅದನ್ನ ಹೇಳೋಕೆ ಮೈಸೂರಿಗೆ ಹೋದೆ. ಅಪ್ಪ ಅದೇ ಸ್ಯಾಂಡೋ ಬನಿಯನ್ ಹಾಕ್ಕೊಂಡು ಜಗಲಿ ಮೇಲೆ ಪೇಪರ್ ಓದ್ತಾ ಕೂತಿದ್ರು. ಬೈಯಲಿಲ್ಲ, ಕೂಗಾಡಲಿಲ್ಲ. ಪೇಪರ್ ಮಡಚಿಟ್ಟು ಒಂದೇ ಮಾತು ಹೇಳಿದ್ರು: "ನಿಮ್ಮಜ್ಜ ನಲವತ್ತು ವರ್ಷ ಗರಡೀಲಿ ಹುಡುಗ್ರಿಗೆ ಸಾಮು ಹೇಳ್ಕೊಟ್ರು ಕಣಮ್ಮ. ಆದ್ರೆ ನಿಮ್ಮ ಕೆಲಸ ಏನು ಅಂತ ಯಾರಾದ್ರೂ ಕೇಳಿದ್ರೆ, ವೀಳ್ಯದೆಲೆ ವ್ಯಾಪಾರ ಅಂತಾನೇ ಹೇಳ್ತಿದ್ರು."

ನನ್ನ ಹತ್ರ ಉತ್ತರ ಇರಲಿಲ್ಲ. ಆದ್ರೆ ಆ ಮಾತಿನೊಳಗೆ ಒಂದು ಇತಿಹಾಸದ ಪ್ರಶ್ನೆ ಇದೆ ಅನ್ನೋದು ಆಮೇಲೆ ಹೊಳೀತು. ಬೇರೆಯವರ ಮೈ ಗಟ್ಟಿ ಮಾಡೋದು ಒಂದು ಉದ್ಯೋಗ ಆಗಿದ್ದು ಯಾವಾಗ? ಅದಕ್ಕೆ ಫೀಸು ತಗೊಳ್ಳೋದು ಶುರುವಾಗಿದ್ದು ಹೇಗೆ?

ಮೊದಲು ಅಜ್ಜನ ಲೋಕ ನೋಡೋಣ. ಮೈಸೂರಿನಲ್ಲಿ ಗರಡಿ ಮನೆಗಳು ಬಹಳ ಹಳೇವು. ಒಡೆಯರ ಕಾಲದಿಂದ ಕುಸ್ತಿಗೆ ಅರಮನೆಯ ಆಶ್ರಯ ಇತ್ತು. ದಸರಾದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತೆ, ಕುಸ್ತಿ ಪಂದ್ಯಗಳು ನಡೆಯುತ್ತವೆ. ಗರಡಿ ಒಳಗೆ ಹೋದ್ರೆ ಎಣ್ಣೆ, ಮಜ್ಜಿಗೆ, ಅರಿಶಿನ ಸೇರಿಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ. ಗೋಡೆ ಮೇಲೆ ಹನುಮಂತನ ಪಟ. ಮೂಲೇಲಿ ಗದೆ. ದಂಡ, ಬಸ್ಕಿ, ಸಾಮು. ಹೇಳಿಕೊಡೋನು ಉಸ್ತಾದ್. ಅವನಿಗೆ ಸಿಗ್ತಿದ್ದದ್ದು ಗೌರವ, ಹಬ್ಬಕ್ಕೆ ಫಲತಾಂಬೂಲ, ಶಿಷ್ಯ ಗೆದ್ದಾಗ ಒಂದು ಶಾಲು. ತಿಂಗಳ ಫೀಸು ಅನ್ನೋ ಲೆಕ್ಕ ನಮ್ಮಜ್ಜನ ಗರಡೀಲಿ ಇರಲಿಲ್ಲ. ಇನ್ನೊಂದು ವಿಷಯಾನೂ ಹೇಳಿಬಿಡ್ತೀನಿ: ಆ ಮಟ್ಟಿಗೆ ಹೆಣ್ಣುಮಕ್ಕಳು ಇಳಿಯೋ ಹಾಗಿರಲಿಲ್ಲ. ಬಾಗಿಲ ಹತ್ರ ನಿಂತು ನೋಡಿದ್ದಷ್ಟೇ ನನ್ನ ಗರಡಿ ಅನುಭವ.

ಈಗ ಬನಿಯನ್ ಕಥೆಗೆ ಬರೋಣ. 1867ರಲ್ಲಿ, ಆಗ ಪ್ರಷ್ಯಾದಲ್ಲಿದ್ದ ಕೋನಿಗ್ಸ್‌ಬರ್ಗ್ ಅನ್ನೋ ಊರಲ್ಲಿ ಫ್ರೆಡ್ರಿಕ್ ವಿಲ್ಹೆಲ್ಮ್ ಮ್ಯುಲ್ಲರ್ ಅಂತ ಒಬ್ಬ ಹುಡುಗ ಹುಟ್ಟಿದ. ಬೆಳೆದು ಊರು ಬಿಟ್ಟ. ಸರ್ಕಸ್ ಸೇರಿದ, ಚಿತ್ರ ಬರೆಯೋರ ಮುಂದೆ ಮಾಡೆಲ್ ಆಗಿ ನಿಂತ, ಹೆಸರನ್ನ ಯೂಜೀನ್ ಸ್ಯಾಂಡೋ ಅಂತ ಬದಲಾಯಿಸಿಕೊಂಡ. 1889ರಲ್ಲಿ ಲಂಡನ್‌ನಲ್ಲಿ ಸ್ಯಾಮ್ಸನ್ ಅನ್ನೋ ಹೆಸರಾಂತ ಬಲಶಾಲಿಯನ್ನ ವೇದಿಕೆ ಮೇಲೇ ಸೋಲಿಸಿ ರಾತ್ರೋರಾತ್ರಿ ಪ್ರಸಿದ್ಧನಾದ. 1893ರಲ್ಲಿ ಶಿಕಾಗೋದಲ್ಲಿ ಅವನ ಪ್ರದರ್ಶನಕ್ಕೆ ಜನ ಮುಗಿಬಿದ್ದರು.

ಇಲ್ಲೀವರೆಗೂ ಅವನು ಪ್ರದರ್ಶನ ಕೊಡೋ ಕಲಾವಿದ. ಭಾರ ಎತ್ತೋದು, ಚಪ್ಪಾಳೆ ಗಿಟ್ಟಿಸೋದು. ಆದ್ರೆ ಆ ಕೆಲಸ ಎಷ್ಟು ದಿನ ನಡೆಯುತ್ತೆ ಹೇಳಿ? ದೇಹಕ್ಕೆ ವಯಸ್ಸಾಗುತ್ತೆ. 1897ರಲ್ಲಿ ಸ್ಯಾಂಡೋ ಲಂಡನ್‌ನ ಸೇಂಟ್ ಜೇಮ್ಸ್ ಸ್ಟ್ರೀಟ್‌ನಲ್ಲಿ ಒಂದು ವ್ಯಾಯಾಮ ಸಂಸ್ಥೆ ತೆರೆದ. ಮರುವರ್ಷ ಪತ್ರಿಕೆ ಶುರು ಮಾಡಿದ. ದೂರದಲ್ಲಿರೋರಿಗೆ ಅಂಚೆ ಮೂಲಕ ಪಾಠ. ನಿಮ್ಮ ಎದೆ, ತೋಳು, ಸೊಂಟದ ಅಳತೆ ಬರೆದು ಕಳಿಸಿ, ದುಡ್ಡು ಕಳಿಸಿ, ನಿಮಗೆ ತಕ್ಕ ವ್ಯಾಯಾಮ ಬರುತ್ತೆ. ಈಗಿನ ಆನ್‌ಲೈನ್ ಕೋಚಿಂಗ್ ಇದೆಯಲ್ಲ, ಅದರ ಮುತ್ತಜ್ಜ ಇದು. ಬಲಪ್ರದರ್ಶನ ಮಾಡೋನು ಬೇರೆಯವರನ್ನ ಬಲಶಾಲಿ ಮಾಡೋನಾಗಿ ಬದಲಾದ. ಇವತ್ತಿನ ಭಾಷೇಲಿ ಹೇಳೋದಾದ್ರೆ ಕರಿಯರ್ ಸ್ವಿಚ್.

1901ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಯಾಂಡೋ ಒಂದು ದೇಹದಾರ್ಢ್ಯ ಸ್ಪರ್ಧೆ ನಡೆಸಿದ. ತೀರ್ಪುಗಾರರಲ್ಲಿ ಒಬ್ಬರು ಶೆರ್ಲಾಕ್ ಹೋಮ್ಸ್ ಬರೆದ ಆರ್ಥರ್ ಕಾನನ್ ಡಾಯ್ಲ್! 1904-05ರ ಸುಮಾರಿಗೆ ಅವನು ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಭಾರತೀಯರ ಮೈಯಲ್ಲಿ ಕಸುವಿಲ್ಲ ಅಂತ ಬ್ರಿಟಿಷರು ಹೀಯಾಳಿಸ್ತಿದ್ದ ಕಾಲ ಅದು. ಗಟ್ಟಿ ದೇಹ ಅನ್ನೋದು ನಮ್ಮ ಹುಡುಗರಿಗೆ ಸ್ವಾಭಿಮಾನದ ವಿಷಯವೂ ಆಗಿತ್ತು. ಸ್ಯಾಂಡೋ ಬಂದು ಹೋದ, ಹೆಸರು ಬನಿಯನ್ ಮೇಲೆ ಉಳೀತು.

ಆದ್ರೆ ಅವನ ಕಥೇಲಿ ಎಚ್ಚರಿಕೆಯೂ ಇದೆ. ವ್ಯಾಯಾಮದಿಂದ ಹತ್ತಾರು ಕಾಯಿಲೆ ವಾಸಿ ಮಾಡ್ತೀನಿ ಅಂತ ಅವನು ಜಾಹೀರಾತು ಕೊಟ್ಟ. ಆಮೇಲೆ ಶಕ್ತಿ ಕೊಡುತ್ತೆ ಅಂತ ತನ್ನ ಹೆಸರಲ್ಲೇ ಕೋಕೋ ಪುಡಿ ಮಾರಿದ. ಮೊದಲ ಮಹಾಯುದ್ಧದ ಹೊತ್ತಿಗೆ ಆ ವ್ಯಾಪಾರ ಮುಳುಗಿತು. ನಾನು ಸೇರಿದ ಮೊದಲ ಜಿಮ್‌ನಲ್ಲಿ ಪ್ರತಿ ಟ್ರೈನರ್ ತಿಂಗಳಿಗೆ ಇಷ್ಟು ಡಬ್ಬಿ ಪ್ರೋಟೀನ್ ಪೌಡರ್ ಮಾರಲೇಬೇಕು ಅಂತ ಟಾರ್ಗೆಟ್ ಇತ್ತು. ಇದು ಈ ಕಾಲದ ರೋಗ ಅಂದ್ಕೊಂಡಿದ್ದೆ. ಅಲ್ಲ, ಈ ಕೆಲಸ ಹುಟ್ಟಿದಾಗಿನಿಂದಲೂ ಇದೆ.

ಅದೇ ಕಾಲದಲ್ಲಿ ಡೆನ್ಮಾರ್ಕ್‌ನಲ್ಲಿ ಇನ್ನೊಬ್ಬ ಮ್ಯುಲ್ಲರ್ ಇದ್ದ. ಜೆ.ಪಿ. ಮ್ಯುಲ್ಲರ್. ಸೈನ್ಯದ ಎಂಜಿನಿಯರಿಂಗ್ ವಿಭಾಗದಲ್ಲಿದ್ದು, ಆಮೇಲೆ ಒಂದು ಕ್ಷಯರೋಗ ಚಿಕಿತ್ಸಾಲಯದಲ್ಲಿ ಮೇಲ್ವಿಚಾರಕನಾಗಿದ್ದವನು. 1904ರಲ್ಲಿ ಅವನೊಂದು ಸಣ್ಣ ಪುಸ್ತಕ ಬರೆದ. ದಿನಕ್ಕೆ 15 ನಿಮಿಷ, ಯಾವ ಸಲಕರಣೆಯೂ ಬೇಡ, ಮನೆಯಲ್ಲೇ ಮಾಡಿ ಅನ್ನೋದು ಅದರ ಸಾರ. ಪುಸ್ತಕ ಹಲವು ಭಾಷೆಗಳಿಗೆ ಹೋಯಿತು, ಅವನು ಲಂಡನ್‌ಗೆ ಹೋಗಿ ಇದನ್ನೇ ವೃತ್ತಿ ಮಾಡ್ಕೊಂಡ. ಆಫೀಸಿನಲ್ಲಿ ಕೂತು ಕೆಲಸ ಮಾಡ್ತಿದ್ದ ಲೇಖಕ ಕಾಫ್ಕಾ ಕೂಡ ಈ ಮ್ಯುಲ್ಲರ್ ವ್ಯಾಯಾಮ ಮಾಡ್ತಿದ್ದ. ನೋಡಿ, ಕುರ್ಚಿ ಮೇಲೆ ಕೂರೋ ಕೆಲಸ ಹೆಚ್ಚಾದ ಹಾಗೆಲ್ಲ ನನ್ನಂಥವರ ಕೆಲಸವೂ ಹೆಚ್ಚಾಗಿದೆ. ಗದ್ದೆ ಉಳೋನಿಗೆ ಟ್ರೈನರ್ ಬೇಕಾಗಿರಲಿಲ್ಲ. ಗುಮಾಸ್ತನಿಗೆ ಬೇಕಾಯಿತು.

ಇದೆಲ್ಲ ಪರದೇಶದ ಕಥೆ, ನಮ್ಮೂರಲ್ಲಿ? ಇಲ್ಲಿ ನನಗೆ ಸಿಕ್ಕಿದ ಹೆಸರು ಕೆ.ವಿ. ಅಯ್ಯರ್. ಕನ್ನಡ ಓದೋರಿಗೆ 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಲೇಖಕ ಅಂತ ಗೊತ್ತು. ನಾನೂ ಪಿಯುಸಿಯಲ್ಲಿ 'ಶಾಂತಲಾ' ಓದಿದ್ದೆ. ಅದನ್ನ ಬರೆದೋರ ತೋಳು ಹೇಗಿತ್ತು ಅನ್ನೋದು ಮಾತ್ರ ಗೊತ್ತಿರಲಿಲ್ಲ! ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದೋರು. ಜೊತೆಗೆ ಅಂಚೆ ಮೂಲಕ ವ್ಯಾಯಾಮ ಕಲಿಸೋ ಶಾಲೆ. ತಮ್ಮದೇ ಫೋಟೋಗಳನ್ನ ಹಾಕಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1930ರಲ್ಲಿ 'ಮಸಲ್ ಕಲ್ಟ್', 1937ರಲ್ಲಿ 'ಸೂರ್ಯ ನಮಸ್ಕಾರ್'. ಬಾರ್ಬೆಲ್ ಎತ್ತೋದನ್ನೂ ಹಠಯೋಗವನ್ನೂ ಒಂದೇ ಪದ್ಧತಿಯೊಳಗೆ ತಂದರು. ಇವತ್ತು ಪ್ರತಿ ಜಿಮ್‌ನಲ್ಲೂ ಒಂದು ಕಡೆ ವೆಯ್ಟ್ಸು, ಇನ್ನೊಂದು ಕಡೆ ಯೋಗ ಮ್ಯಾಟು ಇರುತ್ತಲ್ಲ, ಅದು ಬೆಂಗಳೂರಿನಲ್ಲಿ ಸುಮಾರು ನೂರು ವರ್ಷದ ಹಿಂದೆಯೇ ನಡೆದಿತ್ತು.

ನಮ್ಮ ಮೈಸೂರಿಗೂ ಇದರ ನಂಟಿದೆ. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ಇತ್ತು. ಅದರ ಹತ್ತಿರದಲ್ಲೇ ಅಯ್ಯರ್ ಶಿಷ್ಯರೊಬ್ಬರು ದೇಹದಾರ್ಢ್ಯ ಕಲಿಸ್ತಿದ್ರು. ಗರಡಿ, ಯೋಗ, ಬಾರ್ಬೆಲ್ ಮೂರೂ ಒಂದೇ ಊರಲ್ಲಿ. ನಮ್ಮಜ್ಜ ವೀಳ್ಯದೆಲೆ ಅಂಗಡಿ ಇಟ್ಟಿದ್ದು ಅಲ್ಲಿಂದ ನಡೆದು ಹೋಗೋಷ್ಟು ದೂರದ ದೇವರಾಜ ಮಾರುಕಟ್ಟೆಯಲ್ಲಿ.

ಅಯ್ಯರ್ ಅವರ ಆಪ್ತ ಗೆಳೆಯ ಯಾರು ಗೊತ್ತಾ? ಟಿ.ಪಿ. ಕೈಲಾಸಂ. ಲಂಡನ್‌ನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದು, ಸರ್ಕಾರಿ ಕೆಲಸಕ್ಕೆ ಸೇರಿ, ಅದನ್ನ ಬಿಟ್ಟು ನಾಟಕಕ್ಕೆ ಬಂದೋರು. ಆ ಕಾಲದಲ್ಲಿ, ಜಡ್ಜ್ ಮಗ ಸರ್ಕಾರಿ ನೌಕರಿ ಬಿಡೋದು ಅಂದ್ರೆ! ಇನ್ನೊಂದು ಕಡೆ ಅಯ್ಯರ್ ಶಿಷ್ಯ ರಮೇಶ್ ಬಾಲ್ಸೇಕರ್ ನೋಡಿ. ಯೌವನದಲ್ಲಿ ದೇಹದಾರ್ಢ್ಯ, ಆಮೇಲೆ ಬ್ಯಾಂಕ್ ಆಫ್ ಇಂಡಿಯಾದ ಮುಖ್ಯಸ್ಥ, ನಿವೃತ್ತಿ ಆದ ಮೇಲೆ ಅದ್ವೈತದ ಗುರು. ಒಂದೇ ಜನ್ಮದಲ್ಲಿ ಮೂರು ಬದುಕು. ಕೆಲಸ ಬದಲಾಯಿಸೋದು ನಮ್ಮ ತಲೆಮಾರು ಕಂಡುಹಿಡಿದ ಹುಚ್ಚಲ್ಲ ಅಂತ ನನಗೆ ಧೈರ್ಯ ಬಂದಿದ್ದು ಇವರಿಂದ.

ಆದ್ರೂ ಒಂದು ಕೊರತೆ ಕಾಡ್ತಾನೇ ಇತ್ತು. ಇವರೆಲ್ಲ ಗಂಡಸರು. ನನ್ನಂಥವರು ಎಲ್ಲಿ? ಅದಕ್ಕೆ ಅಮೆರಿಕಾಗೆ ಹೋಗಬೇಕಾಯಿತು. 1969ರಲ್ಲಿ ಇಲಿನಾಯ್ ರಾಜ್ಯದಲ್ಲಿ ಜೂಡಿ ಶೆಪರ್ಡ್ ಮಿಸೆಟ್ ಅನ್ನೋ ನೃತ್ಯಗಾರ್ತಿ ಜಾಝ್ ನೃತ್ಯ ಕಲಿಸ್ತಿದ್ರು. ಬರ್ತಿದ್ದ ಹೆಂಗಸರು ಕೆಲವೇ ದಿನದಲ್ಲಿ ಬಿಟ್ಟು ಹೋಗ್ತಿದ್ರು. ಅವರಿಗೆ ಬೇಕಾಗಿದ್ದದ್ದು ಪಕ್ಕಾ ನೃತ್ಯಪಾಠ ಅಲ್ಲ, ಮೈಗೆ ವ್ಯಾಯಾಮ, ಮನಸ್ಸಿಗೆ ಖುಷಿ. ಅದನ್ನ ಅರ್ಥ ಮಾಡ್ಕೊಂಡು ಜೂಡಿ ಅವರೆಲ್ಲರನ್ನೂ ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿದ್ರು. ತಪ್ಪು ಹೆಜ್ಜೆ ಕಾಣೋದಿಲ್ಲ, ನಾಚಿಕೆ ಇಲ್ಲ. ಅದೇ ಜಾಝರ್ಸೈಜ್ ಆಗಿ ಬೆಳೀತು. ಆಮೇಲೆ ಸಿನಿಮಾ ನಟಿ ಜೇನ್ ಫಾಂಡಾ. ಚಿತ್ರೀಕರಣದಲ್ಲಿ ಪಾದದ ಮೂಳೆ ಮುರಿದು, ಅಭ್ಯಾಸ ಮಾಡ್ತಿದ್ದ ಬ್ಯಾಲೆ ಬಿಡಬೇಕಾಗಿ ಬಂದು, ವ್ಯಾಯಾಮ ತರಗತಿ ಹಿಡಿದ್ರು. 1979ರಲ್ಲಿ ಸ್ಟುಡಿಯೋ ತೆರೆದ್ರು, 1982ರಲ್ಲಿ ವಿಡಿಯೋ ಕ್ಯಾಸೆಟ್ ತಂದ್ರು. ಆಗ ಅವರಿಗೆ 44 ವರ್ಷ. ಜಿಮ್‌ಗೆ ಕಾಲಿಡೋಕೆ ಹಿಂಜರೀತಿದ್ದ ಲಕ್ಷಾಂತರ ಹೆಂಗಸರು ಮನೆ ಟಿವಿ ಮುಂದೆ ನಿಂತು ವ್ಯಾಯಾಮ ಮಾಡಿದ್ರು.

ಕನ್ನಡಿಯ ಆ ಕಥೆ ಓದಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಯಾಕೆ ಅಂತ ಹೇಳ್ತೀನಿ. ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ ನನ್ನ ಹತ್ರ ಒಬ್ರು ಆಂಟಿ ಬಂದ್ರು. ಐವತ್ತು ದಾಟಿದೋರು, ಸಂಕೋಚದ ಸ್ವಭಾವ. ನಾನು ಮೂರು ತಿಂಗಳ ಕೋರ್ಸ್ ಮುಗಿಸಿದ್ದೆ, ಸರ್ಟಿಫಿಕೇಟ್ ಇತ್ತು, ಸ್ನಾಯುಗಳ ಹೆಸರೆಲ್ಲ ಬಾಯಿಪಾಠ ಇತ್ತು. ಮೊದಲ ದಿನವೇ ಬಸ್ಕಿ ಹೊಡೆಸಿದೆ. "ಇನ್ನೈದು ಆಂಟಿ, ಆಗುತ್ತೆ" ಅಂತ ಹುರಿದುಂಬಿಸಿದೆ. ಅವರು ಬೇಡ ಅನ್ನಲಿಲ್ಲ. ಮಾರನೇ ದಿನ ಬರಲಿಲ್ಲ. ವಾರ ಬಿಟ್ಟು ಫೋನ್ ಮಾಡಿದ್ರೆ ಮಂಡಿ ಊದಿ ಹಾಸಿಗೆ ಹಿಡಿದಿದ್ರು. ಹಳೇ ಮಂಡಿನೋವು. ನಾನು ಕೇಳಿರಲಿಲ್ಲ. ಅವರು ಹೇಳೋಕೆ ನಾಚಿಕೊಂಡಿದ್ರು.

ಅವತ್ತು ರಾತ್ರಿ ವಾಪಸ್ ಟೆಸ್ಟಿಂಗ್ ಕೆಲಸಕ್ಕೆ ಹೋಗಿಬಿಡೋಣ ಅನ್ನಿಸ್ತು. ಸಾಫ್ಟ್‌ವೇರ್‌ನಲ್ಲಿ ತಪ್ಪಾದ್ರೆ ಒಂದು ಟಿಕೆಟ್ ಹಾಕ್ತಾರೆ, ಸರಿ ಮಾಡ್ತೀವಿ. ಇಲ್ಲಿ ತಪ್ಪಾದ್ರೆ ಒಬ್ಬರ ಮಂಡಿ. ಆಮೇಲೆ ಯೋಚನೆ ಬಂತು: ಟೆಸ್ಟಿಂಗ್‌ನಲ್ಲಿ ಆರು ವರ್ಷ ನಾನು ಮಾಡಿದ್ದಾದ್ರೂ ಏನು? ಇದು ಎಲ್ಲಿ ಮುರಿಯುತ್ತೆ ಅಂತ ಮೊದಲೇ ಹುಡುಕೋದು. ಪ್ರಶ್ನೆ ಕೇಳೋದು. ಆ ಬುದ್ಧೀನ ಹಳೇ ಆಫೀಸಲ್ಲೇ ಬಿಟ್ಟು ಬಂದಿದ್ದೆ. ಈಗ ಹೊಸಬರು ಯಾರೇ ಬಂದ್ರೂ ಮೊದಲ ದಿನ ವ್ಯಾಯಾಮ ಇಲ್ಲ, ಬರೀ ಮಾತು. ನೋವು, ಬಿಪಿ, ಆಪರೇಷನ್, ನಿದ್ದೆ, ಮನೆ ಕೆಲಸ ಎಲ್ಲ ಬರ್ಕೊಳ್ತೀನಿ. ಬೇಕಿದ್ರೆ ಡಾಕ್ಟರ್ ಹತ್ರ ಕಳಿಸ್ತೀನಿ. ಆ ಆಂಟಿ ಮನೆಗೆ ಹೋಗಿ ಕ್ಷಮೆ ಕೇಳಿದೆ. ನಾಲ್ಕು ತಿಂಗಳಾದ ಮೇಲೆ ಅವರು ವಾಪಸ್ ಬಂದ್ರು. ಈಗ ಕುರ್ಚಿಯಿಂದ ಕೈ ಊರದೆ ಏಳ್ತಾರೆ. ಅದೇ ನಮ್ಮಿಬ್ಬರ ಗುರಿಯಾಗಿತ್ತು.

ಅಪ್ಪನ ಮಾತಿಗೆ ಈಗ ನನ್ನ ಹತ್ರ ಉತ್ತರ ಇದೆ. ಅಜ್ಜ ಫೀಸು ತಗೊಳ್ಳಲಿಲ್ಲ, ನಿಜ. ಆದ್ರೆ ಅಜ್ಜನ ಗರಡಿಗೆ ಬರ್ತಿದ್ದೋರು ಅದೇ ಬೀದಿಯ ಹುಡುಗರು. ಯಾರ ಕಾಲು ಯಾವಾಗ ಉಳುಕಿತ್ತು, ಯಾರ ಮನೇಲಿ ಊಟಕ್ಕೆ ಕಷ್ಟ ಎಲ್ಲ ಅಜ್ಜನಿಗೆ ಗೊತ್ತಿತ್ತು. ನನ್ನ ಹತ್ರ ಬರೋರು ಅಪರಿಚಿತರು. ಅವರನ್ನ ತಿಳ್ಕೊಳ್ಳೋಕೆ ಹೊತ್ತು ಬೇಕು. ಫೀಸು ಆ ಹೊತ್ತಿಗೆ. ಬರೀ ಎಣಿಕೆ ಹೇಳೋದಕ್ಕೆ ಆದ್ರೆ ಫೋನೇ ಸಾಕು.

ಕೆಲಸ ಬದಲಾಯಿಸೋ ಯೋಚನೇಲಿ ಇರೋರಿಗೆ ಒಂದು ಮಾತು. ಮೊದಲ ವರ್ಷ ನನ್ನ ಸಂಪಾದನೆ ಹಳೇ ಸಂಬಳದ ಮೂರನೇ ಒಂದು ಭಾಗ ಇತ್ತು. ಬೆಳಗ್ಗೆ ಐದಕ್ಕೆ ಡ್ಯೂಟಿ, ಮಧ್ಯಾಹ್ನ ಖಾಲಿ, ಮತ್ತೆ ರಾತ್ರಿ ಒಂಬತ್ತರವರೆಗೆ. ಒಂದು ವರ್ಷದ ಖರ್ಚು ಕೈಯಲ್ಲಿ ಇಟ್ಕೊಂಡೇ ಇಳೀರಿ. ಮತ್ತೆ ಹಳೇ ಕೆಲಸದಲ್ಲಿ ಕಲಿತಿದ್ದನ್ನ ಬಿಸಾಕಬೇಡಿ.

ಅಪ್ಪ ಇವತ್ತಿಗೂ ಒಳ್ಳೇ ಕೆಲಸ ಮಾಡ್ದೆ ಅಂತ ಹೇಳಿಲ್ಲ. ಆದ್ರೆ ಹೋದ ಯುಗಾದೀಲಿ ಪಕ್ಕದ ಮನೆಯವರು ಮಗಳು ಏನ್ಮಾಡ್ತಿದ್ದಾಳೆ ಅಂತ ಕೇಳಿದಾಗ ನಾನು ಅಡುಗೆಮನೇಲಿದ್ದೆ, ಕಿವಿ ಜಗಲಿ ಮೇಲಿತ್ತು. ಮೊದಲೆಲ್ಲ "ಬೆಂಗಳೂರಲ್ಲಿದ್ದಾಳೆ" ಅಂತ ಮಾತು ತೇಲಿಸ್ತಿದ್ದ ಅಪ್ಪ ಈ ಸಲ ಹೇಳಿದ್ರು: "ಟ್ರೈನರ್ ಆಗಿದ್ದಾಳೆ. ನಮ್ಮಪ್ಪನ ಕೆಲಸಾನೇ."

ಇವತ್ತಿಗೆ ಇಷ್ಟೇ. ನಿಮ್ಮ ಮನೇಲೂ ಗರಡಿಗೆ ಹೋಗ್ತಿದ್ದ ಅಜ್ಜಂದಿರು ಇದ್ರೆ, ಅವರು ಇರುವಾಗಲೇ ಕೂತು ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ನಾನು ಕೇಳೋ ಹೊತ್ತಿಗೆ ನಮ್ಮಜ್ಜ ಇರಲಿಲ್ಲ.